ಮೊದಲು ಮನೆಭೇಟಿ, ಆಮೇಲೆ ಪ್ರಸಂಗ: ಇಂಟರ್ನ್‌ಶಿಪ್ ವರ್ಷದ ನನ್ನ ಅನುಭವ

ಸಭಾಪಾಲನೆಯ (ಪಾದ್ರಿ) ಸೇವೆಗಾಗಿ ಸೆಮಿನರಿಯಲ್ಲಿ ಓದುತ್ತಾ, ಲೂಥರನ್ ಸಭೆಯೊಂದರಲ್ಲಿ ಇಂಟರ್ನ್ ಆಗಿ ಒಂದು ವರ್ಷ ಕಳೆದೆ. ಭಾನುವಾರದ ಸುವಾರ್ತಾಪಾಠವನ್ನು ವಾರದ ಆರಂಭದಲ್ಲೇ ಮನೆಬಿಟ್ಟು ಹೊರಬರಲಾಗದ ಸಭಿಕರ ಮುಂದೆ ಓದಿ, ಅವರ ಮಾತು ಕೇಳಿದ ಮೇಲಷ್ಟೇ ಪ್ರಸಂಗ (ಆರಾಧನೆಯಲ್ಲಿ ಮಾಡುವ ಬೋಧನೆ) ಬರೆಯುತ್ತೇನೆ ಎಂದಾಗ ಸಹಪಾಠಿಗಳು ಅದನ್ನು ಕಾಲಹರಣವೆಂದರು. ನನ್ನ ಮೇಲ್ವಿಚಾರಕರಾಗಿದ್ದ ಸಭಾಪಾಲಕರಿಗೂ ನಂಬಿಕೆಯಿರಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಅವರೂ ಇದೇ ಕ್ರಮ ಹಿಡಿದರೆಂಬುದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಮೊದಲ ಮೂರು ನಾಲ್ಕು ತಿಂಗಳು ಸೆಮಿನರಿಯ ದಾರಿಯಲ್ಲೇ ನಡೆದೆ: ಗ್ರೀಕ್ ಮೂಲ, ವ್ಯಾಖ್ಯಾನಗಳು, ನ್ಯಾಯಪ್ರಮಾಣ (ದೇವರ ಆಜ್ಞೆ) ಮತ್ತು ಸುವಾರ್ತೆ (ದೇವರ ಕೃಪೆಯ ವಾಗ್ದಾನ) ಇವುಗಳ ವಿಂಗಡಣೆ, ಕೊನೆಗೆ ಉದಾಹರಣೆಗಳ ಹುಡುಕಾಟ. ಭತ್ಯೆಯ ಹೆಚ್ಚುಕಡಿಮೆ ಕಾಲುಭಾಗ ವ್ಯಾಖ್ಯಾನಗ್ರಂಥಗಳಿಗೇ ಹೋಯಿತು. ಬೋಧನೆಯಲ್ಲಿ ಕೊರತೆಯಿರಲಿಲ್ಲ, ಆದರೆ ಆರಾಧನೆಯ ನಂತರ ಜನರು "ಚೆನ್ನಾಗಿತ್ತು" ಎಂದಷ್ಟೇ ಹೇಳಿ ಹೊರಡುತ್ತಿದ್ದರು.

ಲೂಕ 17ರ ಹತ್ತು ಮಂದಿ ಕುಷ್ಠರೋಗಿಗಳ ಪಾಠ (ಹತ್ತೂ ಮಂದಿ ಗುಣವಾದರೂ ಯೇಸುವಿಗೆ ಕೃತಜ್ಞತೆ ಹೇಳಲು ಒಬ್ಬನೇ ತಿರುಗಿ ಬಂದ ಕಥೆ) ಬಂದ ವಾರ, ಮನೆಭೇಟಿಯೊಂದರಲ್ಲಿ ಬಹುಕಾಲದಿಂದ ಹಾಸಿಗೆ ಹಿಡಿದಿದ್ದ ಹಿರಿಯರೊಬ್ಬರು ಕೇಳಿದರು: "ಯಾಜಕರ ಹತ್ತಿರ ಹೋಗಿ ಅಂದವನು ಯೇಸುವೇ ಅಲ್ಲವೇನಪ್ಪಾ? ಹೇಳಿದ ಹಾಗೆ ಹೋದ ಒಂಬತ್ತು ಮಂದಿಯದು ಏನು ತಪ್ಪು?" ನನ್ನ ಕರಡಿನಲ್ಲಿದ್ದದ್ದು ಕೃತಜ್ಞತೆಯ ಕುರಿತ ಬುದ್ಧಿವಾದ ಮಾತ್ರ. ಅದನ್ನು ಬಿಟ್ಟು, ತಿರುಗಿ ಬಾರದವರಿಗೆ ಸಿಕ್ಕ ಸ್ವಸ್ಥತೆಯನ್ನು ಕರ್ತನು ಕಿತ್ತುಕೊಂಡನೆಂದು ಲೂಕನು ಎಲ್ಲಿಯೂ ಬರೆದಿಲ್ಲವೆಂಬುದರಿಂದ ಆರಂಭಿಸಿದೆ. ಆ ಭಾನುವಾರ ಬಾಗಿಲಲ್ಲಿ ನಿಂತು ಮಾತಾಡಿದವರು ಹತ್ತು ಹದಿನೈದು ಮಂದಿಯಾದರೂ ಇದ್ದರು.

ವರ್ಬೇಟಿಮ್, ಅಂದರೆ ಭೇಟಿಯಲ್ಲಿ ನಡೆದ ಮಾತುಕತೆಯನ್ನು ಆಡಿದ ಹಾಗೆಯೇ ಬರೆದಿಡುವುದು, ಸೆಮಿನರಿಯವರಿಗೆಲ್ಲ ಗೊತ್ತಿರುವುದೇ. ನಾನು ಮನೆಯೊಳಗೆ ಟಿಪ್ಪಣಿ ಪುಸ್ತಕ ತೆರೆಯುವುದಿಲ್ಲ, ಹೊರಗೆ ಬಂದ ಕೂಡಲೇ ಬರೆಯುತ್ತೇನೆ. ಯಾರೊಬ್ಬರ ಸಂಕಟವನ್ನೂ ಪ್ರಸಂಗಪೀಠಕ್ಕೆ ಒಯ್ಯುವುದಿಲ್ಲ, ಪಾಠದ ಬಗೆಗಿನ ಪ್ರಶ್ನೆಯನ್ನು ಮಾತ್ರ ಒಯ್ಯುತ್ತೇನೆ. ಲೂಥರನ್ ಸಭೆಗಳ ನಂಬಿಕೆಯ ಮೂಲ ಹೇಳಿಕೆಯಾದ 1530ರ ಆಗ್ಸ್‌ಬರ್ಗ್ ಅರಿಕೆಯ 14ನೇ ವಿಧಿಯಂತೆ ಕ್ರಮವಾದ ಕರೆಯಿಲ್ಲದವನು ಸಂಸ್ಕಾರಗಳನ್ನು ನಡೆಸುವಂತಿಲ್ಲವಾದ್ದರಿಂದ, ಕರ್ತನ ಭೋಜನ (ರೊಟ್ಟಿ ದ್ರಾಕ್ಷಾರಸದ ಸಂಸ್ಕಾರ) ಬೇಕೆಂದವರ ಪಟ್ಟಿ ಮಾಡಿ ಸಭಾಪಾಲಕರನ್ನು ಕರೆದೊಯ್ಯುತ್ತಿದ್ದೆ. ಅವರ ಮನಸ್ಸು ಬದಲಾದದ್ದು ನನ್ನ ಪ್ರಸಂಗಗಳಿಗಿಂತ ಈ ಭೇಟಿಗಳಿಂದ ಎಂದೇ ನನ್ನ ಎಣಿಕೆ.

ಇದರ ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ದೃಢೀಕರಣ ತರಗತಿಯ (ತಮ್ಮ ನಂಬಿಕೆಯನ್ನು ಸಭೆಯ ಮುಂದೆ ಅರಿಕೆಮಾಡಲು ಸಿದ್ಧರಾಗುವ) ಮಕ್ಕಳಿಗೆ ವಾರದ ಬಾಯಿಪಾಠ ಪರೀಕ್ಷೆ ಹಿಡಿಸಲಿಲ್ಲ. ಲೂಥರ್ 1529ರ ಚಿಕ್ಕ ಕ್ಯಾಟೆಕಿಸಮ್ಮನ್ನು (ಪ್ರಶ್ನೋತ್ತರ ರೂಪದ ಬೋಧನೆಯ ಪುಸ್ತಕ) ಮನೆಯವರಿಗೆ ಕಲಿಸಲೆಂದೇ ಬರೆದದ್ದಲ್ಲವೇ ಎಂದು, ಇಬ್ಬಿಬ್ಬರನ್ನು ಮನೆಗಳಿಗೆ ಕರೆದೊಯ್ದು ವೃದ್ಧರ ಮುಂದೆ ಹೇಳಿಸಿದೆ. ಹೆಸರುಗಳನ್ನೂ ಮರೆತಿದ್ದ ಒಬ್ಬರು ಅದರಲ್ಲಿನ ವಿಶ್ವಾಸಪ್ರಮಾಣದ (ನಂಬಿಕೆಯ ಸಾರದ) ಪ್ರತಿಯೊಂದು ವಿವರಣೆಯ ಕೊನೆಗೆ "ಇದು ನಿಶ್ಚಯವಾಗಿಯೂ ಸತ್ಯ" ಎಂಬುದನ್ನು ಮಕ್ಕಳಿಗಿಂತ ಮೊದಲೇ ಹೇಳಿಬಿಡುತ್ತಿದ್ದರು. ಆಮೇಲೆ ಮಕ್ಕಳಿಗೆ ಪರೀಕ್ಷೆ ಬೇಕಾಗಲಿಲ್ಲ.

ಓಡಾಟದ ಖರ್ಚು ಮೊದಮೊದಲು ನನ್ನ ಕೈಯಿಂದಲೇ, ಭತ್ಯೆಯ ಐದರಲ್ಲೊಂದು ಪಾಲಿನಷ್ಟು. ಅದನ್ನು ಸಭೆಯಿಂದ ಕೊಡಲು ಖಜಾಂಚಿ ಒಪ್ಪಲಿಲ್ಲ, ಆದರೆ ಭೇಟಿಗಳ ದಿನಚರಿಯನ್ನು ಸಭಾ ಮಂಡಳಿಯ ಮುಂದಿಟ್ಟ ಮೇಲೆ, ಮುಂದಿನ ಇಂಟರ್ನ್‌ಗಾಗಿ ಆಯವ್ಯಯದಲ್ಲಿ ಪ್ರತ್ಯೇಕ ಮೊತ್ತವನ್ನೇ ಇಟ್ಟರು. ಪಾಠ ಓದಿದ ಮೇಲೆ ಮೊದಲ ಪ್ರಶ್ನೆಯನ್ನು ಹೇಗೆ ಕೇಳುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಜೊತೆಗೆ ಬಂದವರಿಗೆ ತೋರಿಸುತ್ತೇನೆ.