2.45 ಮತ್ತು 3.5 ಗಿಗಾಹರ್ಟ್ಜ್ ಎರಡೂ ಒಂದೇ ಪುಟ್ಟ ಪ್ಯಾಚಲ್ಲಿ: ಮೆಟಾಮೆಟೀರಿಯಲ್ ಬಳಸಿ ಆಂಟೆನಾ ಮಾಡೋ ವಿಧಾನ

1.6 ಮಿಮೀ ದಪ್ಪದ ಎಫ್‌ಆರ್4 (ಮಾಮೂಲಿ ಸರ್ಕ್ಯೂಟ್ ಬೋರ್ಡಿನ ಗ್ಲಾಸ್-ಎಪಾಕ್ಸಿ ಹಾಳೆ) ಬೋರ್ಡ್, ಪರ್ಮಿಟಿವಿಟಿ (ಎಲೆಕ್ಟ್ರಿಕ್ ಫೀಲ್ಡಿಗೆ ವಸ್ತು ಎಷ್ಟು ಸ್ಪಂದಿಸುತ್ತೆ ಅನ್ನೋ ಅಳತೆ) 4.4 ಅಂತ ಇಟ್ಕೊಳ್ಳಿ. ಇದರ ಮೇಲೆ 2.45 ಗಿಗಾಹರ್ಟ್ಜ್‌ಗೆ ಮಾಮೂಲಿ ಪ್ಯಾಚ್ (ಬೋರ್ಡಿನ ಮೇಲ್ಮೈಯಲ್ಲಿ ಆಂಟೆನಾ ಆಗಿ ಕೆಲಸ ಮಾಡೋ ಆಯತದ ತಾಮ್ರ) ಲೆಕ್ಕ ಹಾಕಿದ್ರೆ ಅಗಲ 37.3, ಉದ್ದ 28.8 ಮಿಮೀ ಬರುತ್ತೆ, ಅದೇ 3.5ಕ್ಕೆ ಹಾಕಿದ್ರೆ 26 ಮತ್ತು 20 ಸಾಕು, ಅಂದ್ರೆ ಜಾಗ ಅರ್ಧಕ್ಕಿಂತ ಕಮ್ಮಿ. ಹಾಗಾಗಿ ಪ್ಯಾಚನ್ನ 3.5ಕ್ಕೆ ಮಾಡಿ, ಅದರ ಕೆಳಗಿನ ಗ್ರೌಂಡಲ್ಲಿ (ಬೋರ್ಡಿನ ಹಿಂಬದಿಯ ತಾಮ್ರದ ಪದರದಲ್ಲಿ) ಒಂದು ಸಿಎಸ್‌ಆರ್‌ಆರ್ ಎಚ್ ಮಾಡಿ, ಅಂದ್ರೆ ತಾಮ್ರ ಕರಗಿಸಿ ತೆಗೆದು, 2.45ನ್ನ ಅದೇ ಜಾಗದಲ್ಲಿ ತರೋಣ.

ಸಿಎಸ್‌ಆರ್‌ಆರ್ ಅಂದ್ರೆ ಕಾಂಪ್ಲಿಮೆಂಟರಿ ಸ್ಪ್ಲಿಟ್ ರಿಂಗ್ ರೆಸೊನೇಟರ್, ಒಂದರೊಳಗೊಂದು ಇರೋ ಎರಡು ಸೀಳು ರಿಂಗ್. ಶೀರ್ಷಿಕೆಯ ಮೆಟಾಮೆಟೀರಿಯಲ್ (ವಸ್ತುವಿಗಿಂತ ಆಕಾರದಿಂದ ಗುಣ ಬರೋ ರಚನೆ) ಇದೇ. 1999ರಲ್ಲಿ ಪೆಂಡ್ರಿ ಮತ್ತವರ ಜೊತೆಗಾರರು ತೋರಿಸಿದ ಸ್ಪ್ಲಿಟ್ ರಿಂಗ್ ತಾಮ್ರದ್ದು, ಇದರಲ್ಲಿ ತಾಮ್ರ ಇದ್ದ ಕಡೆ ಸ್ಲಾಟ್ ಇರುತ್ತೆ, 2004ರಲ್ಲಿ ಫಾಲ್ಕೋನೆ ಮತ್ತಿತರರು ಮುಂದಿಟ್ಟಿದ್ದು. ತಾಮ್ರದ ರಿಂಗ್ ರೆಸೊನೇಟ್ ಆಗೋಕೆ ಅದರೊಳಗೆ ಹಾದುಹೋಗೋ ಮ್ಯಾಗ್ನೆಟಿಕ್ ಫೀಲ್ಡ್ ಬೇಕು, ಸಿಎಸ್‌ಆರ್‌ಆರ್‌ಗೆ ನೆಟ್ಟಗೆ ನಿಂತ ಎಲೆಕ್ಟ್ರಿಕ್ ಫೀಲ್ಡ್ ಬೇಕು, ಪ್ಯಾಚ್ ಮತ್ತು ಗ್ರೌಂಡ್ ಮಧ್ಯೆ ಇರೋದೇ ಅದು! ಅದಕ್ಕೇ ಇಲ್ಲಿ ಇದು ಚೆನ್ನಾಗಿ ಹೊಂದುತ್ತೆ.

ಸೈಜ್ ಹೀಗೆ ಹಿಡೀರಿ. ಹೊರಗಿನ ರಿಂಗಿನ ಸುತ್ತಳತೆ ಸುಮಾರು ಅರ್ಧ ವೇವ್‌ಲೆಂತ್, ಸ್ಲಾಟ್‌ಗೆ ಎಫೆಕ್ಟಿವ್ ಪರ್ಮಿಟಿವಿಟಿ 2.7 ಅಂತ ತಗೊಂಡ್ರೆ 2.45ಕ್ಕೆ 37 ಮಿಮೀ, ಚೌಕ ಆದ್ರೆ ಒಂದು ಬದಿ 9ರ ಆಸುಪಾಸು. ಸ್ಲಾಟ್ ಅಗಲ, ಎರಡು ರಿಂಗ್ ನಡುವಿನ ಗ್ಯಾಪ್, ಸ್ಪ್ಲಿಟ್ ಎಲ್ಲ 0.5 ಮಿಮೀ. ಒಳಗಿನ ರಿಂಗ್ ಮತ್ತೆ ಮೇಲಿರೋ ಪ್ಯಾಚ್ ಎರಡೂ ಫ್ರೀಕ್ವೆನ್ಸಿಯನ್ನ ಇನ್ನೂ ಕೆಳಗೆ ಎಳೀತವೆ, ಹಾಗಾಗಿ ಕೊನೆಗೆ 9ಕ್ಕಿಂತ ಚಿಕ್ಕದೇ ಬರುತ್ತೆ, ಅದನ್ನ ಸಿಮ್ಯುಲೇಶನಲ್ಲಿ ಸ್ವೀಪ್ ಮಾಡಿ (ಸೈಜ್ ಸ್ವಲ್ಪ ಸ್ವಲ್ಪ ಬದಲಿಸುತ್ತಾ) ಕಂಡ್ಕೋಬೇಕು. ಡೈರೆಕ್ಟ್ ಆಂಟೆನಾಗೆ ಹಾಕೋಕೆ ಮುಂಚೆ 3 ಮಿಮೀ ಅಗಲದ 50 ಓಮ್ ಲೈನ್ ಕೆಳಗೆ ಈ ರಿಂಗ್ ಒಂದನ್ನೇ ಇಟ್ಟು ಎಸ್21 (ಲೈನಿನ ಆ ತುದಿಗೆ ಎಷ್ಟು ಸಿಗ್ನಲ್ ದಾಟುತ್ತೆ ಅನ್ನೋದು) ನೋಡಿ. ನಾಚ್ (ಸಿಗ್ನಲ್ ತಡೆದ ಗುಳಿ) ಎಲ್ಲಿ ಬಿತ್ತು ಅಂತ ಗೊತ್ತಾದ್ರೆ ಮುಂದಿನ ಕೆಲಸ ತುಂಬಾ ಹಗುರ.

ಈಗ ಎಲ್ಲಿಡೋದು ಅನ್ನೋದು, ಇದೇ ಮುಖ್ಯ. ಪ್ಯಾಚಿನ ನಟ್ಟನಡುವೆ ಎಲೆಕ್ಟ್ರಿಕ್ ಫೀಲ್ಡ್ ಹೆಚ್ಚುಕಮ್ಮಿ ಸೊನ್ನೆ, ರೇಡಿಯೇಟಿಂಗ್ ಅಂಚುಗಳ ಹತ್ರ ಜಾಸ್ತಿ, ಹಾಗಾಗಿ ಫೀಡ್‌ಗೆ (ಪ್ಯಾಚಿಗೆ ಸಿಗ್ನಲ್ ತರೋ ಲೈನ್‌ಗೆ) ಎದುರಿನ ಅಂಚಿನ ಕಡೆಯಿಂದ ಶುರು ಮಾಡಿ ಒಂದೊಂದು ಮಿಮೀ ಒಳಗೆ ಸರಿಸ್ತಾ ಹೋಗಿ. ಫೀಡ್ ಲೈನ್ ಕೆಳಗಿನ ಗ್ರೌಂಡ್ ಮಾತ್ರ ಕೆತ್ತಬೇಡಿ. ಇನ್‌ಸೆಟ್ (ಫೀಡ್ ಲೈನ್ ಪ್ಯಾಚಿನ ಒಳಗೆ ಹೋಗೋ ಕಚ್ಚು) ಆಳ 6-7 ಮಿಮೀಯಿಂದ ಶುರು ಮಾಡಿ 3.5ನ್ನ ಮ್ಯಾಚ್ ಮಾಡಿ, 2.45ರ ಮ್ಯಾಚ್‌ಗೆ ಇನ್‌ಸೆಟ್ ಮುಟ್ಟದೆ ರಿಂಗಿನ ಜಾಗ ಮತ್ತು ಸ್ಪ್ಲಿಟ್ ದಿಕ್ಕು ಬದಲಿಸಿ, ಒಂದು ಸರಿ ಹೋದ್ರೆ ಇನ್ನೊಂದು ಸ್ವಲ್ಪ ಅಲುಗುತ್ತೆ, ಅದಕ್ಕೇ ಎರಡು ಮೂರು ರೌಂಡ್ ಮಾಡ್ಲೇಬೇಕು. ಸಿಮ್ಯುಲೇಶನ್‌ಗೆ ಎಚ್‌ಎಫ್‌ಎಸ್‌ಎಸ್, ಸಿಎಸ್‌ಟಿ ಇಲ್ದಿದ್ರೆ ಓಪನ್‌ಇಎಂಎಸ್ ಫ್ರೀ ಇದೆ. ಸ್ಲಾಟ್ ಅಗಲಕ್ಕೆ ಕನಿಷ್ಠ ಮೂರು ಮೆಶ್ ಸೆಲ್ (ಲೆಕ್ಕಕ್ಕೆ ಸಾಫ್ಟ್‌ವೇರ್ ಮಾಡೋ ಚೂರು) ಬರಲಿ, ಸುತ್ತ ಗಾಳಿ 31 ಮಿಮೀ ಬಿಡಿ (2.45ಕ್ಕೆ ಕಾಲು ವೇವ್‌ಲೆಂತ್).

ದಯವಿಟ್ಟು ಎಸ್11 (ಆಂಟೆನಾದಿಂದ ವಾಪಸ್ ಬರೋ ಸಿಗ್ನಲ್) ಡಿಪ್ ಒಂದನ್ನೇ ನೋಡಿ ಬ್ಯಾಂಡ್ ಬಂತು ಅನ್ನಬೇಡಿ. ಎಫ್‌ಆರ್4ನ ಲಾಸ್ ಟ್ಯಾಂಜೆಂಟ್ (ವಸ್ತುವಲ್ಲೇ ಪವರ್ ಎಷ್ಟು ಪೋಲಾಗುತ್ತೆ ಅನ್ನೋ ಅಳತೆ) 0.02, ಪುಟ್ಟ ರೆಸೊನೇಟರಲ್ಲಿ ಫೀಲ್ಡ್ ಒಂದೇ ಕಡೆ ಒತ್ತಾಗಿ ಸೇರಿರುತ್ತೆ, ಪವರ್ ಅಲ್ಲೇ ಬಿಸಿಯಾಗಿ ಹೋದ್ರೂ ಎಸ್11 ಮೈನಸ್ 25 ಡಿಬಿ ತೋರಿಸುತ್ತೆ! ಪ್ರತಿ ಬ್ಯಾಂಡಲ್ಲೂ ರೇಡಿಯೇಶನ್ ಎಫಿಶಿಯನ್ಸಿ (ಒಳಗೆ ಹೋದ ಪವರಲ್ಲಿ ಎಷ್ಟು ಹೊರಗೆ ಹೊರಡುತ್ತೆ) ತೆಗೆದು ನೋಡಿ, ಸರ್ಫೇಸ್ ಕರೆಂಟ್ ಕೂಡ. 2.45ರದ್ದು ತೀರಾ ಕೆಳಗಿದ್ರೆ ಲಾಸ್ ಕಮ್ಮಿ ಇರೋ ರೋಜರ್ಸ್ ಥರದ ಲ್ಯಾಮಿನೇಟ್‌ಗೆ ಹೋಗಿ, ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ. ಗ್ರೌಂಡಲ್ಲಿ ಸ್ಲಾಟ್ ಇರೋದ್ರಿಂದ ಹಿಂದಕ್ಕೂ ರೇಡಿಯೇಶನ್ ಹೋಗುತ್ತೆ, ಹಿಂದೆ ಬ್ಯಾಟರಿ ಅಥವಾ ಲೋಹದ ಡಬ್ಬಿ ಬರೋದಿದ್ರೆ ಅದನ್ನೂ ಸೇರಿಸಿಯೇ ಸಿಮ್ಯುಲೇಟ್ ಮಾಡಿ. ಬ್ಯಾಂಡ್‌ವಿಡ್ತ್ ಬಗ್ಗೆಯೂ ಆಸೆ ಜಾಸ್ತಿ ಇಟ್ಕೋಬೇಡಿ, ಈ ದಪ್ಪದಲ್ಲಿ ಪ್ಯಾಚ್‌ಗೆ ಎರಡು ಮೂರು ಪರ್ಸೆಂಟ್ ಸಿಕ್ಕುತ್ತೆ, ಭಾರತದಲ್ಲಿ 5ಜಿಗೆ ಕೊಟ್ಟಿರೋ 3300ರಿಂದ 3670 ಮೆಗಾಹರ್ಟ್ಜ್ ಪೂರ್ತಿ ಇದರಲ್ಲಿ ಹಿಡಿಯಲ್ಲ.

ಮಾಡೋಕೆ ಮುಂಚೆ ಇನ್ನೊಂದು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗೋ ಕಾಪರ್ ಕ್ಲಾಡ್ ಶೀಟಿನ ಪರ್ಮಿಟಿವಿಟಿ 4.4 ಅಂತಲೇ ನಂಬೋಕಾಗಲ್ಲ, 4.6 ಇದ್ರೆ 3.5ರ ಡಿಪ್ ಸುಮಾರು 75 ಮೆಗಾಹರ್ಟ್ಜ್ ಕೆಳಗೆ ಹೋಗುತ್ತೆ, ಬ್ಯಾಂಡ್‌ವಿಡ್ತೇ ಹೆಚ್ಚುಕಮ್ಮಿ ಅಷ್ಟು. ಅದಕ್ಕೇ ಅದೇ ಶೀಟಿಂದ ರಿಂಗ್ ಇಲ್ಲದ ಸಾದಾ ಪ್ಯಾಚ್ ಒಂದು ಮಾಡಿ ಅಳೆದು, ಸಿಮ್ಯುಲೇಶನ್ ಅದಕ್ಕೆ ಹೊಂದೋವರೆಗೆ ಪರ್ಮಿಟಿವಿಟಿ ತಿದ್ದಿ, ಆಮೇಲೆ ಅಸಲಿ ಡಿಸೈನ್ ಎಚ್ ಮಾಡಿ. ಅಳೆಯೋಕೆ 3.5ರ ಮೇಲೂ ಹೋಗೋ ವಿಎನ್‌ಎ (ಎಸ್11, ಎಸ್21 ಅಳೆಯೋ ಉಪಕರಣ) ಬೇಕು, ಹಳೇ ನ್ಯಾನೋವಿಎನ್‌ಎ 1.5ಕ್ಕೇ ನಿಲ್ಲುತ್ತೆ. ಗ್ರೌಂಡ್ ಚಿಕ್ಕದಾದ್ರೆ ಕೇಬಲ್ ಹೊರಮೈಯಲ್ಲೂ ಕರೆಂಟ್ ಹರಿಯುತ್ತೆ, ಕೇಬಲ್ ಹಿಡಿದಾಗ ಡಿಪ್ ಅಲ್ಲಾಡಿದ್ರೆ ಕನೆಕ್ಟರ್ ಹತ್ರ ಫೆರೈಟ್ (ಆ ಕರೆಂಟ್ ತಡೆಯೋ ಬಳೆ) ಹಾಕಿ ಮತ್ತೆ ನೋಡಿ.

5.8 ಗಿಗಾಹರ್ಟ್ಜ್ ಕೂಡ ಬೇಕಾದ್ರೆ ಪ್ಯಾಚಲ್ಲೇ ಒಟ್ಟು 15-16 ಮಿಮೀ ಉದ್ದದ ಯು-ಸ್ಲಾಟ್‌ನಿಂದ ಶುರು ಮಾಡಬಹುದು, ಆದ್ರೆ ಅದು 3.5ರ ಕರೆಂಟ್ ದಾರಿಯನ್ನ ಬದಲಿಸುತ್ತೆ, ಮೊದಲೆರಡು ಬ್ಯಾಂಡ್ ಬೋರ್ಡ್ ಮೇಲೆ ಅಳೆದು ಸರಿ ಬಂದ ಮೇಲೇನೆ ಅದಕ್ಕೆ ಕೈ ಹಾಕಿ.