ಟಿಪ್ಸ್ ಕೊಡುವವನಿಗೆ ಒಂದು ನೋಟ್‌ಬುಕ್ ಇಟ್ಟೆ

ರೇಸಲ್ಲಿ ಯಾವ ಕುದುರೆ ಗೆಲ್ಲುತ್ತೆ ಅಂತ ಟಿಪ್ಸ್ ಕೊಡುವವನೊಬ್ಬ ಮೊದಲ ವಾರ ಕಳಿಸಿದ ನಾಲ್ಕು ಕುದುರೆಗಳಲ್ಲಿ ಮೂರು ಗೆದ್ದವು. ನಾನು ಬುಟ್ಟಿಗೆ ಬೀಳೋಕೆ ಅಷ್ಟೇ ಸಾಕಾಯ್ತು. ಬೆಂಗಳೂರು ಟರ್ಫ್ ಕ್ಲಬ್‌ನ ಆ ಬೇಸಿಗೆ ಸೀಸನ್ ಮುಗಿಯುವ ಹೊತ್ತಿಗೆ ಅವನ ಟಿಪ್ಸ್ ನಂಬಿ 18,000 ರೂಪಾಯಿ ಕಳೆದಿದ್ದೆ. ಹೆಂಡತಿಗೆ ಹೇಳಿದ್ದು ಎಂಟು ಸಾವಿರ ಅಂತ.

ಮುಂದಿನ ವರ್ಷ ಇನ್ನೊಬ್ಬ ಗಂಟುಬಿದ್ದ. ಸೀಸನ್‌ಗೆ 5,000 ರೂಪಾಯಿ, ದಿನಕ್ಕೆ ಮೂರು ಟಿಪ್. 'ಸ್ಟೇಬಲ್ ಒಳಗಿನ ಸುದ್ದಿ ಸಾರ್, ಕುದುರೆ ಲಾಯದ್ದೇ, ಪಕ್ಕಾ' ಅಂದ. 1996ರಲ್ಲಿ ಸುಪ್ರೀಂ ಕೋರ್ಟೇ ಕುದುರೆ ರೇಸು ಕೌಶಲದ ಆಟ ಅಂದಿದೆ ಅಂತ ಕಾನೂನನ್ನೂ ಹೇಳಿದ. ತೀರ್ಪು ನಿಜ. ಆದರೆ ಕೋರ್ಟು ಹೇಳಿದ್ದು ಆಟದ ಬಗ್ಗೆ, ಇವನ ಕೌಶಲದ ಬಗ್ಗೆ ಅಲ್ವಲ್ಲ!

ದುಡ್ಡು ಕಟ್ಟಿದೆ. ಆದರೆ ಈ ಸಲ ಒಂದು ರೂಪಾಯಿ ಬಾಜಿಯನ್ನೂ ಕಟ್ಟಲಿಲ್ಲ. 200 ಪುಟದ ನೋಟ್‌ಬುಕ್ ತಂದು ಗೆರೆ ಎಳೆದೆ. ತಾರೀಕು, ಎಷ್ಟನೇ ರೇಸ್, ಕುದುರೆ ನಂಬರ್, ಮೆಸೇಜ್ ಬಂದ ಸಮಯ, ಅವನು ಹೇಳಿದ ಆಡ್ಸ್ (ಗೆದ್ದರೆ ಎಷ್ಟು ಪಟ್ಟು ಲಾಭ ಅನ್ನೋ ದರ), ಆ ಹೊತ್ತಿಗೆ ಬುಕ್ಕಿಗಳು ಬಾಜಿ ತಗೊಳ್ಳುವ ರಿಂಗ್‌ನಲ್ಲಿದ್ದ ಆಡ್ಸ್. ಕೊನೆಯ ಕಾಲಂ ಮಾತ್ರ ಮರುದಿನಕ್ಕೆ ಖಾಲಿ. ಬೆಳಿಗ್ಗೆ ಪೇಪರ್‌ನ ರೇಸ್ ಫಲಿತಾಂಶದಲ್ಲಿ ಟೋಟ್ (ಕ್ಲಬ್ಬೇ ನಡೆಸುವ ಬಾಜಿ) ಎಷ್ಟು ಕೊಟ್ಟಿದೆ ಅಂತ ನೋಡಿ ತುಂಬಿಸುತ್ತಿದ್ದೆ. ಯಾವುದು ಫೇವರಿಟ್ (ಎಲ್ಲಕ್ಕಿಂತ ಕಮ್ಮಿ ಆಡ್ಸ್ ಇರುವ ಕುದುರೆ) ಆಗಿತ್ತು ಅನ್ನೋದೂ ಅಲ್ಲೇ ಸಿಗುತ್ತೆ. ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಆಗಿಂದಾಗ್ಗೆ ತೆಗೆದಿಡುತ್ತಿದ್ದೆ. ಒಳ್ಳೇದೇ ಆಯ್ತು. ಸೋತ ಟಿಪ್‌ಗಳು ರಾತ್ರಿಯೊಳಗೆ ಡಿಲೀಟ್ ಆಗುತ್ತಿದ್ದವು.

ಆಡ್ಸ್ ಕಾಲಂ ನನಗೆ ಜಾಸ್ತಿ ಕಲಿಸಿತು. ಒಂದು ಶನಿವಾರದ ಸಾಲು ಹೀಗಿದೆ: ನಾಲ್ಕನೇ ರೇಸ್, 1200 ಮೀಟರ್, 3ನೇ ನಂಬರ್, ಮೆಸೇಜ್ 2.10ಕ್ಕೆ, ಅವನು ಹೇಳಿದ್ದು 3/1, ರಿಂಗ್‌ನಲ್ಲಿ 6/4. ಅಂದರೆ ನೂರು ರೂಪಾಯಿಗೆ ಅವನ ಲೆಕ್ಕದಲ್ಲಿ 300 ಲಾಭ, ನನಗೆ ಸಿಗೋದು 150. ಗೆಲುವು ಸಾರೋಕೆ ಅವನು ಕಳಿಸುವ ಪೋಸ್ಟರ್‌ನಲ್ಲಿ ಯಾವಾಗಲೂ 300. ಟೋಟ್‌ನಲ್ಲೂ ಇದೇ ಕಥೆ. ಅಲ್ಲಿ ಎಲ್ಲರ ದುಡ್ಡೂ ಒಂದೇ ರಾಶಿಗೆ ಹೋಗುತ್ತೆ, ಕ್ಲಬ್ಬು ತನ್ನ ಪಾಲು ಮುರಿದುಕೊಂಡ ಮೇಲೆ ಉಳಿದದ್ದು ಗೆದ್ದವರಿಗೆ ಹಂಚಿಕೆ. ಒಂದೇ ಟಿಪ್ ಸಾವಿರ ಜನಕ್ಕೆ ಹೋದರೆ ಆ ಕುದುರೆ ಗೆದ್ದರೂ ಕೈಗೆ ಬರೋದು ಪುಡಿಗಾಸು. ಗುಟ್ಟಿನ ಸುದ್ದಿ ಅಂತ ಊರಿಗೆಲ್ಲ ಮಾರೋದೇ ವಿಚಿತ್ರ.

ಅದೇ ಶನಿವಾರ ಇನ್ನೊಂದು ಗೊತ್ತಾಯ್ತು. ನನ್ನ ಭಾವಮೈದನ ಹೆಸರಲ್ಲೂ ಒಂದು ಚಂದಾ ಮಾಡಿಸಿದ್ದೆ. ಸ್ಟ್ಯಾಂಡ್‌ನಲ್ಲಿ ಚುರುಮುರಿ ತಿನ್ನುತ್ತಾ ಅವನು ಫೋನ್ ನನ್ನ ಮುಂದೆ ಹಿಡಿದ. 'ಭಾವ, ನಿಮಗೆ ಯಾವುದು ಬಂತು?' ನನಗೆ ಮೂರು. ಅದೇ ರೇಸ್‌ಗೆ ಅವನಿಗೆ ಏಳು. ಎರಡೂ 'ಇವತ್ತಿನ ಬ್ಯಾಂಕರ್', ಅಂದರೆ ಗೆದ್ದೇ ಗೆಲ್ಲೋ ಕುದುರೆ! ಏಳು ಗೆದ್ದಿತು. ಸಂಜೆ ಪೋಸ್ಟರ್‌ನಲ್ಲಿ ಏಳನೇ ನಂಬರ್‌ಗೆ ಹೂವಿನ ಹಾರ.

ಈ ಆಟದ ಲೆಕ್ಕ ಸುಲಭ. ಎಂಟು ಕುದುರೆ, 800 ಗಿರಾಕಿಗಳು. ನೂರು ನೂರು ಜನಕ್ಕೆ ಒಂದೊಂದು ಕುದುರೆ ಹಂಚಿದರೆ ನೂರು ಜನಕ್ಕೆ ಗೆಲುವು ಗ್ಯಾರಂಟಿ. ಆ ನೂರು ಜನಕ್ಕೆ ಮತ್ತೆ ಹಾಗೇ ಹಂಚಿದರೆ 12 ಜನರಿಗಾದರೂ ಅವನು ದೇವರಂತೆ ಕಾಣುತ್ತಾನೆ. ನನ್ನ ಆ ಮೊದಲ ವಾರ ನೆನಪಾಗಿ ಹೊಟ್ಟೆ ಉರಿಯಿತು.

ಸೀಸನ್ ಕೊನೆಗೆ ನನ್ನ ನಂಬರ್‌ಗೆ 60 ಟಿಪ್ ಬಂದಿದ್ದವು. ಗೆದ್ದದ್ದು 19. ಪ್ರತಿಯೊಂದಕ್ಕೂ 100 ರೂಪಾಯಿ ಕಟ್ಟಿದ್ದರೆ 6,000 ಹಾಕಿ 4,620 ವಾಪಸ್ ಬರುತ್ತಿತ್ತು. 1,380 ನಷ್ಟ, ಮೇಲೆ ಅವನ ಚಂದಾ. ತೆರಿಗೆಯನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಆಮೇಲೆ ಸುಮ್ನೆ ಇನ್ನೊಂದು ಲೆಕ್ಕ ಹಾಕಿದೆ. ಅದೇ 60 ರೇಸ್‌ಗಳಲ್ಲಿ ಕಣ್ಣುಮುಚ್ಚಿ ಫೇವರಿಟ್ ಮೇಲೆ ಕಟ್ಟಿದ್ದರೆ? 22 ಗೆಲುವು, 4,700 ವಾಪಸ್. ನಷ್ಟವೇ, ಆದರೆ ಇವನಿಗಿಂತ ಕಮ್ಮಿ. ಇವನ 19ರಲ್ಲಿ 15 ಫೇವರಿಟ್‌ಗಳೇ. ಅದಕ್ಕೆ ಸ್ಟೇಬಲ್ ಒಳಗಿನ ಸುದ್ದಿ ಯಾಕೆ, ರಿಂಗ್‌ನ ಬೋರ್ಡ್ ನೋಡಿದರೆ ಸಾಕು.

ಗೆಲ್ಲುತ್ತೆ ಅಂತ ಕೊಟ್ಟ ಕುದುರೆ ಎರಡನೆಯದಾಗಿ ಬಂದರೆ 'ಪ್ಲೇಸ್ ಬಂತಲ್ವಾ ಸಾರ್' ಅಂತ ಅದನ್ನೂ ಗೆಲುವಿಗೆ ಸೇರಿಸುತ್ತಿದ್ದ. ನಾನು ಸೇರಿಸಲಿಲ್ಲ.

ಎಲ್ಲರೂ ಹೀಗೇ ಅಂತಲ್ಲ. ಒಬ್ಬ ಹಿರಿಯರ ಟಿಪ್ಸನ್ನೂ ಒಂದು ಸೀಸನ್ ಬರೆದಿಟ್ಟಿದ್ದೇನೆ. ಅವರೂ ಲಾಭ ತಂದುಕೊಟ್ಟಿಲ್ಲ. ಆದರೆ ಕಾರಣ ಹೇಳುತ್ತಾರೆ: ಕಳೆದ ಸಲಕ್ಕಿಂತ ಕುದುರೆ ಹೊರುವ ಭಾರ ಕಮ್ಮಿ, ಡ್ರಾ (ಓಟ ಶುರುವಾಗುವ ಗೇಟಿನ ಜಾಗ) ಒಳಗಡೆ, ಬೆಳಗಿನ ಟ್ರ್ಯಾಕ್ ವರ್ಕ್‌ನಲ್ಲಿ ಟೈಮಿಂಗ್ ಚೆನ್ನಾಗಿದೆ ಅಂತ. ರೇಸ್ ಬುಕ್ ತೆಗೆದು ನೋಡಿದರೆ ನಿಜವೋ ಸುಳ್ಳೋ ಗೊತ್ತಾಗುತ್ತೆ. ಮಳೆ ಬಂದು ಟ್ರ್ಯಾಕ್ ಕೆಸರಾದ ದಿನ 'ಇವತ್ತು ಏನೂ ಬೇಡ, ಮನೇಲಿರಿ' ಅಂದಿದ್ದರು. ಸೋತದ್ದೂ ಅವರ ಪಟ್ಟಿಯಲ್ಲಿ ಹಾಗೇ ಇರುತ್ತೆ.

ನವೆಂಬರ್‌ನಲ್ಲಿ ಆ ಚಂದಾದವನ ಫೋನ್ ಬಂತು. ವಿಂಟರ್ ಸೀಸನ್‌ಗೆ ಆಫರ್, 3,500ಕ್ಕೇ ಕೊಡ್ತೀನಿ ಅಂದ. 'ಆಯ್ತಪ್ಪ, ಬೇಸಿಗೆಯಲ್ಲಿ ಸೋತ 41 ಟಿಪ್‌ಗಳ ಪಟ್ಟಿ ಕಳಿಸು, ನನ್ನ ಪುಸ್ತಕಕ್ಕೆ ತಾಳೆ ನೋಡ್ತೀನಿ' ಅಂದೆ.

'ಯಾವ ಪುಸ್ತಕ ಸಾರ್?' ಅಂತ ಕೇಳಿದ. ನಾನು ಮೊದಲ ಸಾಲು ಓದೋಕೆ ಶುರು ಮಾಡಿದೆ. ಫೋನ್ ಕಟ್ಟಾಯ್ತು.