ರೈಸ್‌ಮಿಲ್‌ನಲ್ಲಿ ಡೀಸೆಲ್ ಟ್ಯಾಂಕ್ ಇಡುವುದು ಹೇಗೆ

ಗಂಗಾವತಿಯ ಒಂದು ರೈಸ್‌ಮಿಲ್‌ನಲ್ಲಿ ಜನರೇಟರ್ ನೋಡಿಕೊಳ್ಳುವವನು ನಾನು. ಡೀಸೆಲ್ ತರಿಸುವ ಮೊದಲು ಲೆಕ್ಕ ಹಾಕಿ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ದಾಟುವಂತಿಲ್ಲ. ಒಂದೊಂದು ಟ್ಯಾಂಕೂ 1,000 ಲೀಟರ್ ಮೀರಬಾರದು.

ಟ್ಯಾಂಕನ್ನು ಭತ್ತದ ಹೊಟ್ಟಿನ ರಾಶಿಯಿಂದ ದೂರ, ನೆರಳಲ್ಲಿ, ಗಾಳಿಯಾಡುವ ಕಡೆ ಇಡಿ. ಒಳಗೆ ಸತುವಿನ ಲೇಪ ಇರುವ ಟ್ಯಾಂಕ್ ಬೇಡ, ಡೀಸೆಲ್ ಕೆಡುತ್ತದೆ.

ಸುತ್ತ ಕಟ್ಟೆ ಬೇಕೇ ಬೇಕು. ಇದರಲ್ಲಿ ದುಡ್ಡು ಉಳಿಸಬೇಡಿ. ಒಮ್ಮೆ ನಮ್ಮ ವಾಲ್ವ್ ರಾತ್ರಿಯೆಲ್ಲ ಸೋರಿತ್ತು. ಬೆಳಿಗ್ಗೆ ನೋಡಿದರೆ ಡೀಸೆಲ್ಲೆಲ್ಲ ಕಟ್ಟೆಯೊಳಗೇ ನಿಂತಿತ್ತು. ಇಲ್ಲದಿದ್ದರೆ ಪಕ್ಕದ ಗದ್ದೆಗೆ ಹರಿಯುತ್ತಿತ್ತು, ಅಲ್ವಾ? 1,000 ಲೀಟರ್ ಟ್ಯಾಂಕಿಗೆ 1,100 ಲೀಟರ್ ಹಿಡಿಯುವ ಸಿಮೆಂಟ್ ಕಟ್ಟೆ ಕಟ್ಟಿಸಿ. ಮಳೆನೀರು ಬಿಡುವ ವಾಲ್ವ್ ಸದಾ ಮುಚ್ಚಿರಲಿ. ನೀರಿನ ಮೇಲೆ ಎಣ್ಣೆ ಪದರ ಇಲ್ಲ ಎಂದು ನೋಡಿಯೇ ತೆರೆಯಿರಿ.

ಟ್ಯಾಂಕನ್ನು ಬಾಯಿತನಕ ತುಂಬಿಸಬೇಡಿ, ಬಿಸಿಲಿಗೆ ಡೀಸೆಲ್ ಹಿಗ್ಗುತ್ತದೆ. ತಳದಲ್ಲಿ ಕೂರುವ ನೀರನ್ನು ಆಗಾಗ ತೆಗೆಯಿರಿ. ಮರಳಿನ ಬಕೆಟ್, ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಕೈಗೆ ಸಿಗುವಂತಿರಲಿ. ಬೆಂಕಿ ಬಿದ್ದರೆ ನೀರು ಎರಚಬೇಡಿ, ಡೀಸೆಲ್ ತೇಲಿ ಬೆಂಕಿ ಇನ್ನೂ ಹರಡುತ್ತದೆ.